ಬೋರ್ಡು ಹಿಡಿದವಳು

ಬ್ಯಾಲರಾಟಿನ ಜುಲೈ ಕಿವಿ ಕಚ್ಚುತ್ತದೆ.
ಸ್ಟರ್ಟ್ ಬೀದಿಯಾಚೆ, ಟೈರಿನಂಗಡಿ ಮಗ್ಗುಲ ಓಣಿಯಲ್ಲಿ
ಕಿಟಕಿಯೇ ಇಲ್ಲದ ಒಂದು ಇಟ್ಟಿಗೆಯ ಸಭಾಮಂದಿರ.
ಎದುರಿನ ಫುಟ್‌ಪಾತಿನಲ್ಲಿ ನಾವು ಹನ್ನೊಂದು ಜನ,
ನನ್ನನ್ನು ಬಿಟ್ಟರೆ ಹತ್ತು.

ನಾನು ಲೆಕ್ಕಕ್ಕಿಲ್ಲ. ಮೆರಿನ್ ಕರೆದಳು, ಬಂದೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ನಾವಿಬ್ಬರೂ
ಒಂದೇ ಹೊದಿಕೆಯ ಎರಡು ತುದಿ ಹಿಡಿದು
ಆರು ವರ್ಷದಿಂದ ಮಡಿಸುತ್ತಿದ್ದೇವೆ:
ಹತ್ತಿರ ಬಂದು, ಅಂಚಿಗೆ ಅಂಚು ಸೇರಿಸಿ, ಮತ್ತೆ ದೂರ.
ಅಷ್ಟು ಸಾಕು
ಒಬ್ಬರ ಮನೆ ಕಥೆ ಇನ್ನೊಬ್ಬರಿಗೆ ತಿಳಿಯಲು.

ಘೋಷಣೆ ಇರುತ್ತದೆ ಅಂದುಕೊಂಡಿದ್ದೆ,
ಧಿಕ್ಕಾರ, ಮುಷ್ಟಿ, ಮೈಕು.
ಕೋಲಾರದ ಗಣಿ ಮುಚ್ಚಿದಾಗ ನಮ್ಮಪ್ಪ ಗೇಟಿನೆದುರು
ಗಂಟಲು ಹರಿದುಕೊಂಡು ಬರುತ್ತಿದ್ದ,
ರಾತ್ರಿ ಉಪ್ಪುನೀರು ಕಾಯಿಸುತ್ತಿದ್ದಳು ಅಮ್ಮ.
ಇಲ್ಲಿ ಯಾರೂ ಕೂಗುವುದಿಲ್ಲ.
ಕೀತ್ ಮುದುಕ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾನೆ,
ಇರುವುದೊಂದೇ ಮುಚ್ಚಳ, ಬಾಯಿಂದ ಬಾಯಿಗೆ ಸುತ್ತು ಬರುತ್ತದೆ.
ಹೆತ್ತವರ ಮೇಜಿನಿಂದ ಎಬ್ಬಿಸಿಕೊಂಡು ಬಂದವರಿಗೆ
ಎಂಜಲೆಲ್ಲಿಯದು?

"ಹೊರಗೆ ಬಂದು ಎಷ್ಟಾಯಿತು?"
ಇದೇ ಇವರ ಕುಶಲ ವಿಚಾರಣೆ.
ಕೀತ್‌ಗೆ ನಲವತ್ತು ವರ್ಷ.
ಲಿಯೋನಿಗೆ ಎಂಟು ತಿಂಗಳು, ತಲೆವಸ್ತ್ರ ಇನ್ನೂ ಇಳಿದಿಲ್ಲ,
ಚಳಿಗೆ ಅನ್ನುತ್ತಾಳೆ.

ನನ್ನ ಭಾಷೆಯಲ್ಲಿ ಹೊರಗೆ ಅಂದರೆ
ತಿಂಗಳಿಗೆ ಮೂರು ದಿನ, ಮೂಲೆಯ ಚಾಪೆ, ಬೇರೆ ತಟ್ಟೆ,
ನಾಕನೇ ಬೆಳಿಗ್ಗೆ ತಲೆಗೆ ನೀರು ಬಿದ್ದರೆ ಒಳಗೆ.
ಒಮ್ಮೆ ಮೆರಿನ್‌ಗೆ ಹೇಳಿದ್ದೆ.
ದಿಂಬಿನ ಚೀಲ ಕೊಡವುತ್ತ ಅವಳು,
ನಮ್ಮಲ್ಲಿ ಆ ನಾಕನೇ ದಿನ ಇಲ್ಲ, ಅಂದಿದ್ದಳು.

ಅವಳ ಬೋರ್ಡಿನಲ್ಲಿ ದೇವರ ಸುದ್ದಿಯಿಲ್ಲ, ಹಿರಿಯರ ಮೇಲೆ ದೂರಿಲ್ಲ.
ಸೋಪಿನ ಪೆಟ್ಟಿಗೆಯ ರಟ್ಟು, ಕಪ್ಪು ಮಾರ್ಕರು:
ಡಾರ್ಕಸ್, ಇವತ್ತಿಗೆ ನಿನಗೆ 30. ಇಂತಿ ಅಕ್ಕ.

"ಮೀಟರಿಗೆ ಕಾಸು ಹಾಕಿ ಬರುತ್ತೇನೆ, ಹಿಡಿದಿರು"
ಅಂದವಳು ಮೂಲೆ ತಿರುಗಿದಳೋ ಇಲ್ಲವೋ,
ಬಾಗಿಲು ತೆರೆಯಿತು.

ಗಂಡಸರು ಮೊದಲು. ಆಮೇಲೆ ಮಕ್ಕಳ ಕೈ ಹಿಡಿದ ಹೆಂಗಸರು.
ಗಾಜಿನಾಚೆ ನೋಡುವ ಹಾಗೆ ಅವರ ನೋಟ
ನಮ್ಮನ್ನು ತೂರಿ ಟೈರುಗಳ ರಾಶಿಗೆ ತಾಗುತ್ತಿತ್ತು.
ಕೀತ್ ಒಬ್ಬನನ್ನು ಹೆಸರು ಹಿಡಿದು ಕರೆದ, ಮೆಲ್ಲಗೆ.
ಆತನಿಗೂ ಎಪ್ಪತ್ತು ದಾಟಿರಬೇಕು. ಅದೇ ಮೂಗು, ಅದೇ ಗೂನು.
ಕಾರಿನ ಬಾಗಿಲು ಉತ್ತರ ಕೊಟ್ಟಿತು.

ಬೂದು ಕೋಟಿನವಳೊಬ್ಬಳು ನನ್ನೆದುರು ನಿಂತಳು.
ನಾನು ಬಿಟ್ಟು ಬಂದವಳಲ್ಲ, ಹಾಗಾಗಿ ಮೈಲಿಗೆಯಿಲ್ಲ,
ನನ್ನೊಡನೆ ಮಾತಾಡಬಹುದು.
ಒಳಗೆ ಎಂದೂ ಇರದವರಿಗೆ ಎಷ್ಟು ಸಲೀಸು!
ಕರಪತ್ರವೊಂದನ್ನು ನನ್ನ ಕೈಗಿಟ್ಟು,
ರಟ್ಟಿನ ಕಡೆ ನೋಡದೆ,
ತುಟಿಯನ್ನೂ ಅಲ್ಲಾಡಿಸದೆ,
"ಮೂವತ್ತೊಂದು" ಎಂದಳು.

ವ್ಯಾನು ಹತ್ತಿದಳು. ಹಿಂದಿನ ಸೀಟು, ಪರದೆ.

ಮೆರಿನ್ ಏದುಸಿರು ಬಿಡುತ್ತ ಬಂದಳು.
ಹೇಳಲೋ ಬೇಡವೋ.
ತಂಗಿ ಬಾಯಿ ಬಿಟ್ಟಳು ನಿಜ,
ಬಿಟ್ಟದ್ದು ದಾರಿಹೋಕಳ ಮುಂದೆ.
ಹೇಳಿದೆ.
ಬೆರಳು ಮಡಿಸಿ ಎಣಿಸಿದಳು, ಎರಡು ಸಲ.
"ಅಮ್ಮ ಸತ್ತ ವರ್ಷ," ಎಂದಳು,
"ಮುಖ ನೋಡಲು ಬಿಡಲಿಲ್ಲವಲ್ಲ.
ಆ ವರ್ಷ ನನ್ನ ಲೆಕ್ಕದಲ್ಲಿ ಬಂದೇ ಇಲ್ಲ."

ಮಾರ್ಕರು ಚಳಿಗೆ ಸೆಟೆದಿತ್ತು.
ಅಂಗೈಯಲ್ಲಿ ಉಜ್ಜಿದಳು, ಊದಿದಳು,
ಸೊನ್ನೆಯನ್ನೇ ಗೀಚಿ ಗೀಚಿ ಒಂದು ಮಾಡಲು ನೋಡಿದಳು.
ಸೊನ್ನೆ ಹಾಗೆಲ್ಲ ಒಂದಾಗುವುದಿಲ್ಲ.
ಹೊಡೆದುಹಾಕಿ ಪಕ್ಕದಲ್ಲಿ ಬರೆದಳು,
ಓಣಿ ಖಾಲಿಯಾದ ಮೇಲೆ, ನೆಟ್ಟಗೆ ಎತ್ತಿ ಹಿಡಿದಳು.

ಟೈರಿನಂಗಡಿಯ ಹುಡುಗ ಷಟರ್ ಎಳೆಯುತ್ತ
ಯಾರದು ಬರ್ತ್‌ಡೇ, ಅಂತ ಕೇಳಿದ.
ಹನ್ನೊಂದು ಜನವೂ ಒಟ್ಟಿಗೇ ಹೇಳಿದೆವು,
ತುಸು ಜೋರಾಗಿಯೇ.